ಪ್ರಶ್ನಾವಳಿಗೆ ಕಾಣದ ಹೊರೆ: ಕತ್ತಿನ ಶಸ್ತ್ರಚಿಕಿತ್ಸೆಯ ನಂತರ ಉಳಿಯುವ ನೋವಿನ ಕುರಿತು ಒಂದು ಟಿಪ್ಪಣಿ

ಕತ್ತು ನೋವು ಒಬ್ಬರ ದಿನಚರಿಯನ್ನು ಎಷ್ಟು ಮೊಟಕು ಮಾಡಿದೆ ಎಂದು ಅಳೆಯಲು ಹಲವು ದೇಶಗಳ ವೈದ್ಯರು, ಫಿಸಿಯೊಥೆರಪಿಸ್ಟರು ಬಳಸುವ ಸಾಧನ ‘ನೆಕ್ ಡಿಸೆಬಿಲಿಟಿ ಇಂಡೆಕ್ಸ್’. ಕೆನಡಾದ ಹೊವರ್ಡ್ ವರ್ನನ್ ಮತ್ತು ಸಿಲ್ವಾನೊ ಮಿಯೋರ್ ಇದನ್ನು 1991ರಲ್ಲಿ ಪ್ರಕಟಿಸಿದರು. ಪ್ರಶ್ನೆಗಳು ಹತ್ತು. ಒಂದೊಂದಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ, ಒಟ್ಟು 50. ನೋವಿನ ತೀವ್ರತೆ, ಸ್ನಾನ ಮತ್ತು ಉಡುಗೆ, ಭಾರ ಎತ್ತುವುದು, ಓದು, ತಲೆನೋವು, ಏಕಾಗ್ರತೆ, ಕೆಲಸ, ವಾಹನ ಚಾಲನೆ, ನಿದ್ದೆ, ಮನರಂಜನೆ. ವಾಹನದ ಪ್ರಶ್ನೆ ‘ನನ್ನ ಕಾರನ್ನು’ ಎಷ್ಟು ಹೊತ್ತು ಓಡಿಸಬಲ್ಲೆ ಎಂದು ಕೇಳುತ್ತದೆ. ಭಾರದ ಪ್ರಶ್ನೆಯಲ್ಲಿ ಭಾರ ನೆಲದ ಮೇಲಿರುತ್ತದೆ, ಇಲ್ಲವೇ ಮೇಜಿನ ಮೇಲೆ. ತಲೆಯ ಮೇಲೆ ಎಲ್ಲಿಯೂ ಇಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸೀಮೆಯಲ್ಲಿ ನಿಂತು ಈ ಪ್ರಶ್ನೆಗಳನ್ನು ಓದಿದರೆ ಏನು ಕಾಣುತ್ತದೆ ಎಂಬುದು ಈ ಟಿಪ್ಪಣಿಯ ವಿಷಯ. ಇದು ಸಮೀಕ್ಷೆಯ ವರದಿಯಲ್ಲ. ಅಳತೆಗೋಲನ್ನೂ ಇಲ್ಲಿನ ದುಡಿಮೆಯನ್ನೂ ಎದುರುಬದುರು ಇಟ್ಟು ನೋಡಿದ್ದು ಅಷ್ಟೆ. ಕತ್ತಿನ ಆಪರೇಷನ್ ಆದ ಮೇಲೂ ಉಳಿಯುವ ನೋವು ಈ ಕಡೆ ಲೆಕ್ಕಕ್ಕೆ ಸಿಗದಿರಲು ಒಂದು ಕಾರಣ, ಕೇಳುವ ಪ್ರಶ್ನೆಗಳು ಬೇರೆಯವರ ಬದುಕಿನಿಂದ ಬಂದಿರುವುದು ಎಂದು ನನ್ನ ವಾದ.

ಮೊದಲು ಶಸ್ತ್ರಚಿಕಿತ್ಸೆಯ ಮಾತು. ಕತ್ತಿನಲ್ಲಿ ಏಳು ಮೂಳೆಗಳು, ಎಂಟು ಜೊತೆ ನರಗಳು. ಐದು-ಆರನೆಯ ಮತ್ತು ಆರು-ಏಳನೆಯ ಮೂಳೆಗಳ ನಡುವಿನ ಡಿಸ್ಕುಗಳಲ್ಲಿ ತೊಂದರೆ ಹೆಚ್ಚು. ಡಿಸ್ಕ್ ಉಬ್ಬಿಯೋ ಅಂಚಿನಲ್ಲಿ ಮೂಳೆ ಬೆಳೆದೋ ನರದ ಬೇರನ್ನು ಒತ್ತಿದರೆ ನೋವು ತೋಳಿಗೆ ಇಳಿಯುತ್ತದೆ. ಬೆನ್ನುಹುರಿಯನ್ನೇ ಒತ್ತಿದರೆ ಕೈಯ ಹಿಡಿತ ಸಡಿಲವಾಗುತ್ತದೆ, ನಡಿಗೆ ತೂರಾಡುತ್ತದೆ. ಕತ್ತಿನ ಮುಂಭಾಗದಿಂದ ಹೋಗಿ ಡಿಸ್ಕ್ ತೆಗೆದು ಎರಡು ಮೂಳೆಗಳನ್ನು ಬೆಸೆಯುವ ವಿಧಾನವನ್ನು ಅಮೆರಿಕದಲ್ಲಿ ಸ್ಮಿತ್ ಮತ್ತು ರಾಬಿನ್ಸನ್ ಒಂದು ಕಡೆ, ಕ್ಲೋವರ್ಡ್ ಇನ್ನೊಂದು ಕಡೆ 1950ರ ದಶಕದಲ್ಲಿ ರೂಪಿಸಿದರು. ಪ್ಲೇಟು, ಸ್ಕ್ರೂ, ಕೇಜುಗಳು ಬದಲಾಗಿವೆ, ದಾರಿ ಅದೇ.

ಬೇರು ಒತ್ತಿದವರಿಗೆ ಸಾಮಾನ್ಯವಾಗಿ ತೋಳಿನ ನೋವು ಚೆನ್ನಾಗಿ ಇಳಿಯುತ್ತದೆ, ಕತ್ತಿನ ನೋವು ಅಷ್ಟಾಗಿ ಇಳಿಯುವುದಿಲ್ಲ. ಹುರಿ ಒತ್ತಿದವರಿಗೆ ಆಪರೇಷನ್ನಿನ ಮೊದಲ ಉದ್ದೇಶವೇ ಇನ್ನಷ್ಟು ಕೆಡದಂತೆ ತಡೆಯುವುದು. ಮನೆಯವರ ಕಿವಿಗೆ ಮಾತ್ರ ಎರಡೂ ಒಂದೇ ಥರ ಬೀಳುತ್ತವೆ: ‘ಆಪರೇಷನ್ ಆದ್ರೆ ಸರಿಹೋಗ್ತದೆ.’ ಮುಂದೆ ಹುಟ್ಟುವ ಬೇಸರದ ಬಹುಪಾಲು ಬೀಜ ಈ ಮಾತಿನಲ್ಲಿದೆ.

ನೋವು ಉಳಿಯುವುದೇಕೆ? ತಿಂಗಳುಗಟ್ಟಲೆ ಒತ್ತಡದಲ್ಲಿದ್ದ ನರ, ಒತ್ತಡ ತೆಗೆದ ಕೂಡಲೇ ಮೊದಲಿನಂತಾಗುವುದಿಲ್ಲ. ಕೆಲವರಲ್ಲಿ ಮೂಳೆ ಬೆಸೆದುಕೊಳ್ಳುವುದೇ ಇಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಈ ಅಪಾಯ ಹೆಚ್ಚು. ಹಿಂಭಾಗದಿಂದ ಮಾಡಿದ ಆಪರೇಷನ್ನಿನಲ್ಲಿ ಕತ್ತಿನ ಸ್ನಾಯುಗಳನ್ನು ಬಿಡಿಸಬೇಕಾಗುತ್ತದೆ, ಅವು ತಿರುಗಿ ಬಲಗೊಳ್ಳಲು ಕಾಲ ಬೇಕು. ಬೆಸೆದ ಮೂಳೆಗಳ ಮೇಲಿನ, ಕೆಳಗಿನ ಕೀಲುಗಳು ಸವೆಯುವುದೂ ಉಂಟು. ಹಿಲಿಬ್ರಾಂಡ್ ಮತ್ತು ಸಂಗಡಿಗರು 374 ರೋಗಿಗಳನ್ನು ಹಿಂಬಾಲಿಸಿ 1999ರಲ್ಲಿ ಬರೆದ ಪ್ರಬಂಧದ ಪ್ರಕಾರ ಪಕ್ಕದ ಕೀಲಿನ ಹೊಸ ತೊಂದರೆ ವರ್ಷಕ್ಕೆ ಸುಮಾರು ಶೇ. 2.9ರಷ್ಟು ಜನರಲ್ಲಿ ಕಾಣಿಸಿಕೊಂಡಿತು. ಹತ್ತು ವರ್ಷದ ಅಂದಾಜು ಕಾಲು ಭಾಗದಷ್ಟು. ಅದು ಬೆಸುಗೆಯಿಂದ ಬಂದದ್ದೋ, ವಯಸ್ಸಿನ ಸಹಜ ಸವೆತವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕೊನೆಯದಾಗಿ ನರಮಂಡಲವೇ ಸೂಕ್ಷ್ಮವಾಗಿಬಿಡುವುದು. ಗಾಯ ಮಾಗಿದ ಮೇಲೂ ಬೆನ್ನುಹುರಿ ಮತ್ತು ಮಿದುಳು ನೋವಿನ ಸುದ್ದಿಯನ್ನು ಹಿಗ್ಗಿಸಿ ಸಾರುತ್ತಿರುತ್ತವೆ. ಸಂಶೋಧಕ ಕ್ಲಿಫರ್ಡ್ ವುಲ್ಫ್ ಇದರ ಪ್ರಾಯೋಗಿಕ ಸಾಕ್ಷ್ಯವನ್ನು ಕೊಟ್ಟದ್ದು 1983ರಲ್ಲಿ. ‘ಎಲ್ಲಾ ನಿಮ್ಮ ಮನಸ್ಸಿನಲ್ಲಿದೆ’ ಎಂದು ರೋಗಿಯನ್ನು ಸಾಗಹಾಕುವವರು ಆ ಸಾಕ್ಷ್ಯವನ್ನೊಮ್ಮೆ ಓದಬೇಕು.

ಎಂಆರ್‌ಐ ಫಿಲ್ಮು ಕಂಕುಳಲ್ಲಿ ಇಟ್ಟುಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವವರಿಗೆ ಎರಡು ಅಂಕಿ ತಿಳಿದಿರಲಿ. 1990ರಲ್ಲಿ ಬೋಡನ್ ತಂಡ ಕತ್ತು ನೋವಿಲ್ಲದ 63 ಜನರನ್ನು ಸ್ಕ್ಯಾನ್ ಮಾಡಿದಾಗ ಶೇ. 19ರಷ್ಟು ಮಂದಿಯ ಕತ್ತಿನಲ್ಲಿ ದೋಷ ಕಂಡಿತು. 2015ರಲ್ಲಿ ಜಪಾನಿನ ನಕಾಶಿಮಾ ತಂಡ 1,211 ಆರೋಗ್ಯವಂತರನ್ನು ನೋಡಿದಾಗ ಶೇ. 87.6ರಷ್ಟು ಜನರಲ್ಲಿ ಡಿಸ್ಕ್ ಉಬ್ಬಿತ್ತು. ಫಿಲ್ಮಿನಲ್ಲಿ ಕಾಣುವ ಸವೆತ ಮತ್ತು ಮೈಯಲ್ಲಿ ಆಗುವ ನೋವು ಒಂದಕ್ಕೊಂದು ತಾಳೆಯಾಗಬೇಕೆಂದಿಲ್ಲ. ಸ್ವೀಡನ್ನಿನ ಪರ್ಸನ್ ತಂಡ ನರದ ಬೇರಿನ ನೋವಿದ್ದ 81 ರೋಗಿಗಳನ್ನು ಆಪರೇಷನ್, ಫಿಸಿಯೊಥೆರಪಿ, ಕಾಲರ್ ಎಂದು ಮೂರು ಗುಂಪು ಮಾಡಿ 1997ರಲ್ಲಿ ಫಲಿತಾಂಶ ಪ್ರಕಟಿಸಿತು. ಮೊದಲ ತಿಂಗಳುಗಳಲ್ಲಿ ಆಪರೇಷನ್ ಗುಂಪು ಮುಂದಿತ್ತು; ವರ್ಷ ತುಂಬುವ ಹೊತ್ತಿಗೆ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಉಳಿಯಲಿಲ್ಲ. ಹುರಿ ಒತ್ತಿದವರಿಗೆ ಈ ಅಧ್ಯಯನ ಅನ್ವಯಿಸುವುದಿಲ್ಲ, ಅವರು ಇದನ್ನು ನೆಪ ಮಾಡಿಕೊಂಡು ಆಪರೇಷನ್ ಮುಂದೂಡಬಾರದು.

ಇನ್ನು ಹೆಸರಿನ ವಿಷಯ. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಪರಿಷ್ಕರಣೆ, ಶಸ್ತ್ರಚಿಕಿತ್ಸೆಯ ಬಳಿಕ ಹುಟ್ಟಿದ ಅಥವಾ ಹೆಚ್ಚಾದ, ಮೂರು ತಿಂಗಳು ದಾಟಿದ ನೋವಿಗೆ ತನ್ನದೇ ಸ್ಥಾನ ಕೊಟ್ಟಿದೆ. ಮೊದಲೇ ಇದ್ದು ಹೋಗದೆ ಉಳಿದ ನೋವು ಈ ವ್ಯಾಖ್ಯೆಯೊಳಗೆ ಸಲೀಸಾಗಿ ಕೂರುವುದಿಲ್ಲ. ಬೆನ್ನುಮೂಳೆಯ ಅಂಥ ನೋವಿಗೆ ಬಹುಕಾಲ ‘ಸೋತ ಬೆನ್ನು ಶಸ್ತ್ರಚಿಕಿತ್ಸೆ’ ಎಂಬ ಅರ್ಥದ ಇಂಗ್ಲಿಷ್ ಹೆಸರಿತ್ತು. ಸೋತವರು ಯಾರು, ವೈದ್ಯರೋ ರೋಗಿಯೋ ಎಂದು ಆ ಹೆಸರು ಹೇಳುತ್ತಿರಲಿಲ್ಲ. 2021ರಲ್ಲಿ ತಜ್ಞರು ಅದರ ಬದಲಿಗೆ ‘ಉಳಿದುಕೊಂಡ ಬೆನ್ನುಮೂಳೆ ನೋವು’ ಎಂಬ ಅರ್ಥ ಬರುವ ಹೆಸರನ್ನು ಮುಂದಿಟ್ಟರು. ಕನ್ನಡದಲ್ಲಿ ‘ಉಳಿದ ನೋವು’ ಎಂದರೆ ಸಾಕು ಎಂದು ನನಗೆ ತೋರುತ್ತದೆ.

ಈಗ ದುಡಿಮೆಗೆ ಬರೋಣ. ರಾಮನಗರ ಜಿಲ್ಲೆಯಾದದ್ದು 2007ರಲ್ಲಿ. 2025ರಲ್ಲಿ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಹೆಸರು ಏನೇ ಇರಲಿ, ಊರಿನ ಗುರುತು ರೇಷ್ಮೆಗೂಡಿನ ಮಾರುಕಟ್ಟೆ. ಮಾರುಕಟ್ಟೆಗೆ ಗೂಡು ಬರುವ ಮೊದಲು ಮನೆಯಲ್ಲಿ ನಡೆಯುವುದನ್ನು ಕತ್ತಿನ ಕಣ್ಣಿನಿಂದ ನೋಡಬೇಕು. ನಾಲ್ಕನೆಯ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲೆ ರೇಷ್ಮೆ ಹುಳು ತಿನ್ನುವ ವಾರದಲ್ಲೇ ಇಡೀ ಬೆಳೆಯ ಸೊಪ್ಪಿನ ಶೇ. 80ಕ್ಕಿಂತ ಹೆಚ್ಚು ಪಾಲು ಖರ್ಚಾಗುತ್ತದೆ. ಆ ವಾರ ಹಿಪ್ಪುನೇರಳೆ ಸೊಪ್ಪಿನ ಹೊರೆ ತಲೆಯ ಮೇಲೆ ಸಿಂಬಿ ಇಟ್ಟು ತೋಟದಿಂದ ಮನೆಗೆ ದಿನಕ್ಕೆ ಹಲವು ಸಲ ಬರಬೇಕು. ಹುಳು ಹಣ್ಣಾದಾಗ ಬಗ್ಗಿ ಬಗ್ಗಿ ಒಂದೊಂದನ್ನೇ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಒಂದು ದಿನ ತಡವಾದರೆ ಹುಳು ಕಾಯುವುದಿಲ್ಲ. ಆಪರೇಷನ್ ಆಗಿ ಮೂರು ತಿಂಗಳು ಭಾರ ಎತ್ತಬೇಡಿ ಎಂಬ ಸಲಹೆ ಈ ಕ್ಯಾಲೆಂಡರಿಗೆ ಡಿಕ್ಕಿ ಹೊಡೆಯುತ್ತದೆ.

ಅಲ್ಲಿಂದ ಮುಂದೆ ನೂಲು ಬಿಚ್ಚುವ (ರೀಲಿಂಗ್) ಮನೆ. ಬೇಯಿಸಿದ ಗೂಡಿನ ಎಳೆಯ ತುದಿ ಹುಡುಕಿ, ಹಲವು ಗೂಡುಗಳ ಎಳೆ ಕೂಡಿಸಿ, ಎಲ್ಲಿ ಹರಿಯಿತು ಎಂದು ಬಿಸಿನೀರಿನ ಬೇಸಿನ್ನಿನ ಮೇಲೆ ಕಣ್ಣಿಟ್ಟು ಗಂಟೆಗಟ್ಟಲೆ ಕೂರುವ ಅಥವಾ ನಿಲ್ಲುವ ಕೆಲಸ. ನ್ಯೂಯಾರ್ಕಿನ ಬೆನ್ನುಮೂಳೆ ಶಸ್ತ್ರಚಿಕಿತ್ಸಕ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಗಣಿತದ ಮಾದರಿಯೊಂದರಿಂದ, ತಲೆಯನ್ನು 60 ಡಿಗ್ರಿ ಬಗ್ಗಿಸಿದರೆ ಕತ್ತಿನ ಮೇಲೆ ಸುಮಾರು 27 ಕಿಲೋ ಭಾರ ಬೀಳುತ್ತದೆ ಎಂದು ಅಂದಾಜಿಸಿದರು. ಪತ್ರಿಕೆಗಳು ಇದನ್ನು ಮೊಬೈಲ್ ನೋಡುವವರ ಕಾಯಿಲೆ ಎಂದು ಬಣ್ಣಿಸಿದವು. ಅದು ಕಂಪ್ಯೂಟರಿನ ಲೆಕ್ಕ, ರೋಗಿಗಳ ಮೇಲೆ ಅಳೆದದ್ದಲ್ಲ, ಹಾಗಾಗಿ ಅಂಕಿಗೆ ನಾನು ಜೋತು ಬೀಳುವುದಿಲ್ಲ. ಆದರೆ ಮೊಬೈಲು ಬರುವ ಎಷ್ಟೋ ಮೊದಲೇ ರಾಮನಗರದ ರೀಲಿಂಗ್ ಮನೆಗಳಲ್ಲಿ ಜನ ಅದೇ ಭಂಗಿಯಲ್ಲಿ ಕೂತಿದ್ದರು.

ಚನ್ನಪಟ್ಟಣದ ಗೊಂಬೆ ಕೆಲಸವೂ ಹೀಗೆಯೇ. ತಿರುಗುವ ಲೇತಿನ ಮೇಲೆ ಆಲೆ ಮರದ ತುಂಡು, ಕೈಯಲ್ಲಿ ಉಳಿ, ಆಮೇಲೆ ಬಣ್ಣದ ಅರಗು, ಕೊನೆಗೆ ಹೊಳಪಿಗೆ ಕೇದಗೆ ಎಲೆ. ಕತ್ತು ಬಗ್ಗಿದ್ದು ಬಗ್ಗಿದಂತೆ, ಎರಡೂ ತೋಳು ಮುಂದೆ ಚಾಚಿ ಬಿಗಿ ಹಿಡಿದಂತೆ. ಎರಡು ಮೂಳೆ ಬೆಸೆದ ಕತ್ತಿಗೆ ತಿರುಗಿಸುವುದಕ್ಕಿಂತ ಹೀಗೆ ಅಲುಗದೆ ಇರುವುದೇ ಕಷ್ಟವಾಗಬಹುದು. ಪ್ರಶ್ನಾವಳಿಯಲ್ಲಿ ಅಲುಗದೆ ಇರುವುದರ ಬಗ್ಗೆ ‘ಓದು’ ಬಿಟ್ಟರೆ ಬೇರೆ ಪ್ರಶ್ನೆ ಇಲ್ಲ. ಕನಕಪುರದ ಗ್ರಾನೈಟ್ ಕ್ವಾರಿಗಳಲ್ಲಿ ಜ್ಯಾಕ್‌ಹ್ಯಾಮರಿನ ಅದುರು ತೋಳಿನಿಂದ ಹೆಗಲಿಗೆ ಏರುತ್ತದೆ. ಮಾಗಡಿಯಲ್ಲಿ ರಾಗಿ ಹುಲ್ಲು, ಮೇವು, ಸೌದೆ, ನೀರು.

ತಲೆಹೊರೆ ಮತ್ತು ಕತ್ತಿನ ನಂಟನ್ನು ವೈದ್ಯಶಾಸ್ತ್ರ ಗಮನಿಸದೆ ಇಲ್ಲ. ಇಂದಿನ ಜಿಂಬಾಬ್ವೆಯಲ್ಲಿ ಕೆಲಸ ಮಾಡುತ್ತಿದ್ದ ಲೆವಿ ಎಂಬ ನರಶಸ್ತ್ರಜ್ಞರು 1968ರಲ್ಲೇ ‘ಹೊರೆಯಾಳಿನ ಕತ್ತು’ ಎಂಬ ಅರ್ಥದ ಶೀರ್ಷಿಕೆಯಲ್ಲಿ ಪ್ರಬಂಧ ಬರೆದಿದ್ದರು. ವರ್ನನ್ ಮತ್ತು ಮಿಯೋರ್ ತಮ್ಮೆದುರಿನ ರೋಗಿಗಳಿಗೆ ತಕ್ಕ ಪ್ರಶ್ನೆ ಬರೆದರು, ಅದರಲ್ಲಿ ತಪ್ಪಿಲ್ಲ. ಇಲ್ಲಿ ಕಾರಿಲ್ಲದ, ಓದು ಬಾರದ ರೀಲಿಂಗ್ ಕೆಲಸದ ಹೆಂಗಸಿಗೆ ಹತ್ತರಲ್ಲಿ ಎರಡು ಪ್ರಶ್ನೆ ಖಾಲಿ ಬೀಳುತ್ತವೆ. ಖಾಲಿ ಬಿಟ್ಟದ್ದನ್ನು ಕಳೆದು ಉಳಿದುದರ ಮೇಲೆ ಶೇಕಡಾವಾರು ಲೆಕ್ಕ ಹಾಕುವ ರೂಢಿ ಇದೆ. ಲೆಕ್ಕ ಸರಿಯಾಗುತ್ತದೆ, ಸಿಂಬಿಯ ಮೇಲಿನ ಹೊರೆ ಹೊರಗೇ ಉಳಿಯುತ್ತದೆ.

ನೋವಿನ ಮಾತುಗಳನ್ನು ಕುರಿತೂ ಒಂದಿಷ್ಟು ಹೇಳಬೇಕು. ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ರೋಗಿಗಳು ಆಡುವ 78 ಪದಗಳನ್ನು 20 ಗುಂಪು ಮಾಡಿ ಪ್ರಶ್ನಾವಳಿ ಕಟ್ಟಿದರು. ನಮ್ಮಲ್ಲಿ ‘10ಕ್ಕೆ ಎಷ್ಟು ನೋವು?’ ಎಂದು ಕೇಳಿ ಮುಗಿಸುತ್ತೇವೆ. ಈ ಸೀಮೆಯ ಮಾತಿನಲ್ಲಿ ಸೆಳೆತ ಬೇರೆ, ಚಳುಕು ಬೇರೆ, ಉರಿ ಬೇರೆ, ಹಿಡಿದುಕೊಂಡಿರುವುದು ಬೇರೆ. ‘ಜೋಮು ಹಿಡೀತದೆ’, ‘ಸೂಜಿ ಚುಚ್ಚಿದಂಗಾಯ್ತದೆ’, ‘ಕರೆಂಟ್ ಹೊಡೆದಂಗೆ’ ಎನ್ನುವವರು ನರದ ನೋವನ್ನು ಹೇಳುತ್ತಿರಬಹುದು. ನರದ ನೋವು ಗುರುತಿಸಲು 2005ರಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಡಿಎನ್4 ಎಂಬ ಹತ್ತು ಅಂಶಗಳ ಪಟ್ಟಿ ಕೇಳುವುದೂ ಇದನ್ನೇ: ಉರಿ, ವಿದ್ಯುತ್ ತಗುಲಿದಂಥ ಆಘಾತ, ಸೂಜಿ ಚುಚ್ಚು, ಜೋಮು. ನಾಲ್ಕು ಅಂಶ ಸೇರಿದರೆ ನರದ ನೋವೆಂದು ಸಂಶಯಿಸಬೇಕು. ಮಾಮೂಲಿ ನೋವಿನ ಮಾತ್ರೆ ಅಂಥ ನೋವಿಗೆ ಅಷ್ಟಾಗಿ ತಾಗುವುದಿಲ್ಲ. ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್ ಮುಂತಾದ ಬೇರೆ ಔಷಧಿಗಳನ್ನು ವೈದ್ಯರ ನಿಗಾದಲ್ಲಿ ಕೊಡುತ್ತಾರೆ. ಪದ ಸರಿಯಾಗಿ ಕೇಳಿಸಿಕೊಂಡರೆ ಮಾತ್ರೆ ಬದಲಾಗುತ್ತದೆ.

ಸರ್ಕಾರದ ಕಾಗದದಲ್ಲೂ ಇದೇ ಕತೆ. ಅಂಗವಿಕಲತೆಯ ಸೌಲಭ್ಯಗಳಿಗೆ 1995ರ ಕಾಯ್ದೆಯಲ್ಲೂ 2016ರ ಕಾಯ್ದೆಯಲ್ಲೂ ಮಿತಿ ಶೇ. 40. ಕೇಂದ್ರ ಸರ್ಕಾರ 2001ರಲ್ಲಿ ಹೊರಡಿಸಿದ ಮೌಲ್ಯಮಾಪನ ಮಾರ್ಗಸೂಚಿಯಲ್ಲಿ, ಚಿಕಿತ್ಸೆಯಾದರೂ ನೋವು ಉಳಿದ, ನರದೌರ್ಬಲ್ಯವಿಲ್ಲದ ಕತ್ತಿನ ಡಿಸ್ಕ್ ತೊಂದರೆಗೆ ಇಟ್ಟ ಅಂಕ 10. ಜೊತೆಗೆ ಕೀಲು ಅಸ್ಥಿರವಾಗಿದ್ದರೆ 15. ನೋವನ್ನು ಕಾಗದ ಗುರುತಿಸಿತು, ಮಿತಿಯ ಹತ್ತಿರಕ್ಕೂ ಬಿಡಲಿಲ್ಲ. ಬಿಡದಿಯ ಕಾರ್ಖಾನೆಯ ಕಾರ್ಮಿಕನಿಗಾದರೆ ಕಾರ್ಮಿಕರ ರಾಜ್ಯ ವಿಮೆಯ (ಇಎಸ್‌ಐ) ಆಸರೆ ಇರಬಹುದು. ಸ್ವಂತ ಮನೆಯಲ್ಲಿ ಹುಳು ಸಾಕುವವಳಿಗೆ ರಜೆಯ ಪರಿಕಲ್ಪನೆಯೇ ಇಲ್ಲ.

ಮರುಭೇಟಿಯ ದಾರಿಯೂ ಎಲ್ಲರಿಗೂ ಒಂದೇ ಅಲ್ಲ. ರಾಮನಗರ, ಚನ್ನಪಟ್ಟಣದವರು ಮೈಸೂರು ರೈಲು ಹತ್ತಿ ಬೆಂಗಳೂರಿಗೆ ಹೋಗಬಹುದು. ಕನಕಪುರಕ್ಕೂ ಮಾಗಡಿಗೂ ರೈಲಿಲ್ಲ. ಹೊಸದಾಗಿ ಬೆಸೆದ ಕತ್ತನ್ನು ಹೊತ್ತು ಬಸ್ಸಿನಲ್ಲಿ, ಹಂಪುಗಳ ಮೇಲೆ, ಹೋಗಿ ಬರುವ ದೂರ ನೂರು ಕಿಲೋಮೀಟರಿನ ಆಸುಪಾಸು. ವಾರಕ್ಕೆರಡು ಸಲ ಫಿಸಿಯೊಥೆರಪಿಗೆ ಬನ್ನಿ ಎಂದರೆ ಬರುವವರು ಎಷ್ಟು ಮಂದಿ? ತಾಲ್ಲೂಕು ಮಟ್ಟದಲ್ಲೇ ಆ ಕೆಲಸ ಆಗಬೇಕು.

ಆಪರೇಷನ್ ಆದವರಲ್ಲಿ ಎರಡು ವಿನಂತಿ. ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗದಿದ್ದರೆ, ಗುಂಡಿ ಹಾಕಲು ಅಥವಾ ಎಳೆಯ ತುದಿ ಹಿಡಿಯಲು ಬೆರಳು ತಡಕಾಡಿದರೆ, ನಡಿಗೆ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ ಅದನ್ನು ಹಳೆಯ ನೋವೆಂದು ಬಿಡದೆ ಕೂಡಲೇ ಆಸ್ಪತ್ರೆಗೆ ಹೋಗಿ. ಇನ್ನೊಂದು, ಮುಂದಿನ ಸಲ ನೋವು 10ಕ್ಕೆ ಎಷ್ಟು ಎಂದು ಕೇಳಿದಾಗ ಅಂಕಿಯ ಜೊತೆಗೆ ಸೊಪ್ಪಿನ ಹೊರೆ ಹೊತ್ತು ಎಷ್ಟು ದೂರ ನಡೆಯಬಲ್ಲಿರಿ, ಬೇಸಿನ್ ಮುಂದೆ ಎಷ್ಟು ಹೊತ್ತು ಕೂರಬಲ್ಲಿರಿ ಎಂಬುದನ್ನೂ ಹೇಳಿ, ಅದನ್ನು ಚೀಟಿಯಲ್ಲಿ ಬರೆಸಿಕೊಂಡೇ ಎದ್ದು ಬನ್ನಿ.