ವಿಷಾದರೋಗಕ್ಕೆ ಮೊದಲ ಮದ್ದು

ಸ್ವಿಟ್ಜರ್ಲೆಂಡಿನ ಈಶಾನ್ಯದಲ್ಲಿ, ಬೋಡನ್ ಸರೋವರದ ದಡದ ಮೇಲೆ, ಮ್ಯೂನ್‌ಸ್ಟರ್‌ಲಿಂಗೆನ್ ಎಂಬ ಸಣ್ಣ ಊರುಂಟು. ತುರ್ಗಾವ್ ಪ್ರಾಂತದ ಸರಕಾರಕ್ಕೆ ಸೇರಿದ ಮಾನಸಿಕ ಚಿಕಿತ್ಸಾಲಯವು ಅಲ್ಲಿದೆ. ಈ ಆಸ್ಪತ್ರೆಯ ಹೆಸರು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ನಿಂತುದಕ್ಕೆ ಕಾರಣವು, 1956ನೆಯ ಇಸವಿಯ ಜನವರಿಯಲ್ಲಿ ಅಲ್ಲಿಯ ಒಬ್ಬ ರೋಗಿಣಿಗೆ ಕೊಟ್ಟ ಮದ್ದು.

ಅದಕ್ಕೆ ಮುಂಚೆ ವಿಷಾದರೋಗದವರಿಗೆ ಚಿಕಿತ್ಸೆಯೇ ಇರಲಿಲ್ಲವೆಂದಲ್ಲ. ಅಫೀಮನ್ನು ಕೊಡುತ್ತಿದ್ದರು, 1938ರಲ್ಲಿ ರೋಮಿನಲ್ಲಿ ಮೊದಲಾದ ವಿದ್ಯುದಾಘಾತದ ಕ್ರಮವು ಅನೇಕರಿಗೆ ಗುಣವನ್ನುಂಟುಮಾಡಿತ್ತು. ಆದರೆ ನಿದ್ದೆ ಬರಿಸದೆ, ಉನ್ಮಾದವನ್ನೂ ಹುಟ್ಟಿಸದೆ, ಕುಗ್ಗಿದ ಮನಸ್ಸನ್ನು ಮಾತ್ರ ಮೇಲೆತ್ತುವ ಔಷಧವೊಂದು ಇರಬಹುದೆಂದು ನಂಬಿದ ವೈದ್ಯರು ವಿರಳ. ಅದನ್ನು ಹುಡುಕಿದವರು ಅದಕ್ಕಿಂತ ವಿರಳ.

ಹುಡುಕಾಟವು ಮೊದಲಾದುದು ಬೇರೊಂದು ರೋಗಕ್ಕಾಗಿ. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಔಷಧದಿಂದ ಚಿತ್ತವಿಕಾರದ ರೋಗಿಗಳು ಶಾಂತರಾಗುವರೆಂದು ತೋರಿಸಿಕೊಟ್ಟರು. ಬಣ್ಣಗಳ ತಯಾರಿಕೆಯಿಂದ ಬೆಳೆದ ಬಾಸೆಲ್ ನಗರದ ಗೈಗಿ ಕಂಪೆನಿಯವರು, ಅದನ್ನು ಹೋಲುವ ರಚನೆಯ ಒಂದು ದ್ರವ್ಯವನ್ನು ಮ್ಯೂನ್‌ಸ್ಟರ್‌ಲಿಂಗೆನ್ನಿನ ವೈದ್ಯ ರೋಲಾಂಡ್ ಕೂನರಿಗೆ ಪರೀಕ್ಷೆಗಾಗಿ ಕಳುಹಿಸಿದರು. ಅದಕ್ಕೆ ಆಗ ಹೆಸರೂ ಇರಲಿಲ್ಲ. ಜಿ 22355 ಎಂಬ ಅಂಕೆಯಷ್ಟೇ. ಸ್ಕಿಜೋಫ್ರೇನಿಯಾ ರೋಗಿಗಳಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಕೆಲವರು ಇನ್ನಷ್ಟು ಉದ್ರಿಕ್ತರಾದರು. ಸಾಮಾನ್ಯವಾಗಿ ಇಂತಹ ದ್ರವ್ಯದ ಕಥೆ ಇಲ್ಲಿಗೆ ಮುಗಿಯಬೇಕು. ಕೂನರು ಅದನ್ನು ವಿಷಾದಗ್ರಸ್ತರಿಗೆ ಕೊಟ್ಟು ನೋಡಿದರು.

ಮೊದಲ ರೋಗಿಣಿಯಲ್ಲಿ ಸುಮಾರು ಆರು ದಿನಗಳಲ್ಲಿಯೇ ಬದಲಾವಣೆಯು ಕಾಣಿಸಿತು. ಅದನ್ನು ದಾದಿಯರೂ ಗುರುತಿಸಿದರು. ಕೂನರ ವರ್ಣನೆಯು ಅಳತೆಗಳಿಂದ ಕೂಡಿದುದಲ್ಲ. ರೋಗಿಯ ಮಾತು, ನಡೆ, ಮುಖಭಾವಗಳನ್ನು ನೋಡಿ ಬರೆದುದು. ಬೆಳಗ್ಗೆ ಏಳಲಾರದವರು ತಾವಾಗಿ ಎದ್ದರು; ಕ್ಷೀಣವಾಗಿದ್ದ ಧ್ವನಿ ಬಲಗೊಂಡಿತು; ನಾಲ್ಕು ಜನರೊಡನೆ ಮಾತಿಗೆ ನಿಂತರು. ಔಷಧವನ್ನು ಬೇಗನೆ ನಿಲ್ಲಿಸಿದರೆ ಲಕ್ಷಣಗಳು ಮರಳುವುವೆಂದೂ ಅವರು ಕಂಡುಕೊಂಡರು. ಬಾಯಿ ಒಣಗುವುದು, ಬೆವರುವುದು, ಮಲಬದ್ಧತೆ ಇವು ಗುಣಕ್ಕಿಂತ ಮುಂದಾಗಿಯೇ ಬರುತ್ತಿದ್ದುವು. ಎಲ್ಲರಿಗೂ ಆರು ದಿನಗಳು ಸಾಲವು. ಎರಡು ವಾರ, ನಾಲ್ಕು ವಾರ ಕಾಯಬೇಕಾಗುತ್ತದೆ. ಯಾವುದರಲ್ಲಿಯೂ ಭರವಸೆಯಿಲ್ಲದಿರುವುದೇ ರೋಗವಾಗಿರುವಾಗ, ಕಷ್ಟವನ್ನು ಇಂದು ಕೊಟ್ಟು ಸುಖವನ್ನು ತಿಂಗಳಾಚೆಗೆ ಹೇಳುವ ಮದ್ದನ್ನು ಬಿಡದೆ ಸೇವಿಸುವುದು ಸುಲಭವೆ?

1957ರ ಸೆಪ್ಟೆಂಬರಿನಲ್ಲಿ ಜ್ಯೂರಿಚ್ ನಗರದಲ್ಲಿ ಸೇರಿದ ಜಾಗತಿಕ ಮನೋವೈದ್ಯ ಸಮ್ಮೇಳನದಲ್ಲಿ ಕೂನರು ಈ ಸಂಗತಿಯನ್ನು ಹೇಳಿದಾಗ, ಕೇಳಿದವರು ಬೆರಳೆಣಿಕೆಯ ಮಂದಿ. ಮುಂದೆ ಅದು ಇಮಿಪ್ರಮೀನ್ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ಅದೇ ವರ್ಷ ಅಮೆರಿಕದಲ್ಲಿ ನೇಥನ್ ಕ್ಲೈನರು, ಕ್ಷಯರೋಗಿಗಳಿಗೆ ಕೊಡುತ್ತಿದ್ದ ಇಪ್ರೋನಿಯಜಿಡ್ ಎಂಬ ಔಷಧವೂ ವಿಷಾದವನ್ನು ಕಳೆಯುವುದೆಂದು ಸಾರಿದರು; ಕಾಮಾಲೆಯ ಭಯದಿಂದ ಅದು ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ.

ಈ ಔಷಧಗಳು ಹೇಗೆ ಕೆಲಸ ಮಾಡುವುವೆಂಬ ವಿಚಾರಕ್ಕೆ ಭಾರತದ ಒಂದು ಬೇರೂ ಸಾಕ್ಷಿಯಾಯಿತು. ಸರ್ಪಗಂಧಿಯು ನಮ್ಮ ದೇಶದ ವೈದ್ಯರಿಗೆ ಹಳೆಯ ಪರಿಚಯ. ರಕ್ತದ ಒತ್ತಡದ ಮೇಲೆ ಅದರ ಗುಣವನ್ನು ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು 1949ರಲ್ಲಿ ಪ್ರಕಟಿಸಿದರು. 1952ರಲ್ಲಿ, ಅದೇ ಬಾಸೆಲ್ ನಗರದ ಸೀಬಾ ಕಂಪೆನಿಯವರು ಆ ಬೇರಿನಿಂದ ರಿಸರ್ಪೀನ್ ಎಂಬ ಸಾರವನ್ನು ಬೇರ್ಪಡಿಸಿದರು. ಅದನ್ನು ಸೇವಿಸಿದವರಲ್ಲಿ ಕೆಲವರು ವಿಷಾದದಲ್ಲಿ ಮುಳುಗಿದರೆಂಬ ವರದಿಗಳು ಬಂದುವು. ಅದು ಮೆದುಳಿನ ಸೆರೊಟೋನಿನ್ ಮೊದಲಾದ ದ್ರವ್ಯಗಳನ್ನು ಬರಿದುಮಾಡುವುದೆಂದು ತಿಳಿಯಿತು. ಇಮಿಪ್ರಮೀನಾದರೋ ಅಂತಹ ದ್ರವ್ಯಗಳು ನರತಂತುಗಳೊಳಕ್ಕೆ ಹಿಂದಿರುಗುವುದನ್ನು ತಡೆಯುತ್ತದೆ. ಇವೆರಡನ್ನು ಕೂಡಿಸಿ, ಆ ದ್ರವ್ಯಗಳ ಕೊರತೆಯೇ ವಿಷಾದವೆಂದು ಸಿದ್ಧಾಂತ ಕಟ್ಟಿದರು. ಅದು ಅಚ್ಚುಕಟ್ಟಾದ ಸಿದ್ಧಾಂತ, ಆದರೆ ಸಾಲದು. ದ್ರವ್ಯವು ಗಂಟೆಗಳಲ್ಲಿ ಹೆಚ್ಚಿದರೂ ಮನಸ್ಸು ವಾರಗಳವರೆಗೆ ಏಕೆ ತಡೆಯುತ್ತದೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಕೂನರ ಕೀರ್ತಿಗೆ ಇನ್ನೊಂದು ಮುಖವುಂಟು. ತುರ್ಗಾವ್ ಸರಕಾರವು ನಿಯಮಿಸಿದ ಇತಿಹಾಸಕಾರರು 2019ರಲ್ಲಿ ಪ್ರಕಟಿಸಿದ ಗ್ರಂಥದಿಂದ, ಆ ಆಸ್ಪತ್ರೆಯಲ್ಲಿ 1940ರಿಂದ 1980ರವರೆಗೆ ಕಡಮೆಯೆಂದರೆ 67 ದ್ರವ್ಯಗಳನ್ನು ರೋಗಿಗಳ ಮೇಲೆ ಪರೀಕ್ಷಿಸಿದರೆಂದು ತಿಳಿದುಬರುತ್ತದೆ. ಬಹುಮಂದಿಗೆ ತಮಗೆ ಕೊಡುವುದು ಪರೀಕ್ಷೆಯ ಮದ್ದೆಂದು ಹೇಳಿರಲಿಲ್ಲ. ಒಪ್ಪಿಗೆಯನ್ನು ಕೇಳಿರಲೂ ಇಲ್ಲ. ಕಾಲವೇ ಹಾಗಿತ್ತೆಂಬುದು ಪೂರ್ಣವಾದ ಸಮಾಧಾನವಲ್ಲ, ಏಕೆಂದರೆ ನಿಯಮಗಳು ಬಿಗಿಯಾಗುತ್ತ ಬಂದ ಮೇಲೆಯೂ ಅಲ್ಲಿ ಪರೀಕ್ಷೆಗಳು ನಡೆದುವು. ರೋಗಿಯನ್ನು ಅಷ್ಟು ಶ್ರದ್ಧೆಯಿಂದ ನೋಡಬಲ್ಲವರಾಗಿದ್ದ ವೈದ್ಯರು ರೋಗಿಯನ್ನು ಕೇಳುವುದು ಅಗತ್ಯವೆಂದೆಣಿಸಲಿಲ್ಲ. ಕೂನರು 2005ರಲ್ಲಿ ತೀರಿಕೊಂಡರು. ಈ ವಿಚಾರಣೆಗೆ ಒದಗಿದ ಕಾಗದಪತ್ರಗಳಲ್ಲಿ ಬಹುಭಾಗವು, ಅವರೇ ಜೋಪಾನವಾಗಿ ಕೂಡಿಟ್ಟು, ಅವರ ತರುವಾಯ ಪ್ರಾಂತದ ದಫ್ತರಖಾನೆಗೆ ಸೇರಿದುವು.