ಕ್ರೀಡಾಪಟುಗಳ ಆಹಾರದಲ್ಲಿ ದ್ವಿದಳ ಧಾನ್ಯಗಳು

ತೊಗರಿ, ಹೆಸರು, ಕಡಲೆ, ಉದ್ದು, ಹುರುಳಿ, ಅವರೆ, ಅಲಸಂದೆ, ಚನ್ನಂಗಿ ಮೊದಲಾದ ಫ್ಯಾಬೇಸೀ ಕುಟುಂಬದ ಗಿಡಗಳ ಒಣಬೀಜಗಳಿಗೆ ದ್ವಿದಳ ಧಾನ್ಯಗಳೆಂದು ಹೆಸರು. ಒಣಕಾಳಿನ ತೂಕದಲ್ಲಿ ಶೇ. 20ರಿಂದ 25 ಪ್ರೋಟೀನ್, ನಾರೂ ಸೇರಿದಂತೆ ಶೇ. 60ರ ಆಸುಪಾಸು ಶರ್ಕರಪಿಷ್ಟ ಇರುತ್ತದೆ. ಕ್ರೀಡಾಪಟುಗಳ ಊಟದಲ್ಲಿ ಇವುಗಳ ಬೆಲೆಯನ್ನು ಬಹುಮಟ್ಟಿಗೆ ಪ್ರೋಟೀನಿನ ಲೆಕ್ಕದಲ್ಲೇ ಕಟ್ಟುವ ರೂಢಿಯಿದೆ. ದೇಹದ ನೀರಿನ ಸಮತೋಲಕ್ಕೂ ಇವು ನೆರವಾಗುತ್ತವೆಂಬ ಮಾತೂ ಉಂಟು. ಈ ಮಾತು ನಿಜ, ಆದರೆ ಷರತ್ತಿಗೆ ಒಳಪಟ್ಟ ನಿಜ. ಕಾಳು ನೀರಿನ ಜಾಗದಲ್ಲಿ ನಿಲ್ಲಲಾರದು. ಕುಡಿದ ನೀರು ದೇಹದಲ್ಲಿ ಉಳಿಯುವುದಕ್ಕೂ ಸ್ನಾಯುಗಳು ಹೆಚ್ಚು ಹೊತ್ತು ದುಡಿಯುವುದಕ್ಕೂ ಬೇಕಾದ ಕೆಲವು ವಸ್ತುಗಳನ್ನು ಅದು ಒದಗಿಸುತ್ತದೆ. ಆ ಪ್ರಯೋಜನ ಎಷ್ಟೆಂಬುದು ಜೊತೆಗೆ ಬೀಳುವ ಉಪ್ಪು, ಬೇಯಿಸುವ ಕ್ರಮ ಮತ್ತು ಉಣ್ಣುವ ಹೊತ್ತನ್ನು ಅವಲಂಬಿಸಿದೆ.

ಬಿರುಸಿನ ಆಟದಲ್ಲಿ ಗಂಟೆಗೆ ಅರ್ಧ ಲೀಟರಿನಿಂದ ಎರಡು ಲೀಟರಿನವರೆಗೆ ಬೆವರು ಹರಿಯಬಹುದು. ಅದರಿಂದ ದೇಹದ ತೂಕ ಶೇ. 2ಕ್ಕಿಂತ ಹೆಚ್ಚು ಇಳಿದರೆ, ಅದರಲ್ಲೂ ಸೆಕೆಯಲ್ಲಿ, ದೂರದ ಓಟದಂಥ ದೀರ್ಘ ಶ್ರಮದ ಸಾಮರ್ಥ್ಯ ಕುಗ್ಗುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ವ್ಯತ್ಯಾಸವಿದ್ದರೂ, ಒಂದು ಲೀಟರ್ ಬೆವರಿನಲ್ಲಿ ಸುಮಾರು 1 ಗ್ರಾಂ ಸೋಡಿಯಂ, 200 ಮಿಲಿಗ್ರಾಂ ಪೊಟ್ಯಾಸಿಯಂ ಹೊರಹೋಗುತ್ತದೆ ಎನ್ನಬಹುದು. ಬೇಯಿಸಿದ ಚನ್ನಂಗಿಯ 200 ಗ್ರಾಂ ಬಟ್ಟಲೊಂದರಲ್ಲಿ ಸುಮಾರು 140 ಗ್ರಾಂ ನೀರು, 18 ಗ್ರಾಂ ಪ್ರೋಟೀನ್, 700 ಮಿಲಿಗ್ರಾಮಿಗೂ ಮಿಕ್ಕ ಪೊಟ್ಯಾಸಿಯಂ, ಜೊತೆಗೆ ಮೆಗ್ನೀಸಿಯಂ ಇರುತ್ತವೆ. ಎಂದರೆ ಮೂರು ಲೀಟರ್ ಬೆವರಿನಲ್ಲಿ ಹೋದಷ್ಟು ಪೊಟ್ಯಾಸಿಯಂ ಒಂದೇ ಬಟ್ಟಲಿನಿಂದ ಮರಳುತ್ತದೆ. ಸೋಡಿಯಂ ವಿಷಯ ಬೇರೆ: ಉಪ್ಪು ಹಾಕದ ಕಾಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಬೆವರಿನಲ್ಲಿ ಹೆಚ್ಚಾಗಿ ಹೋಗುವುದು, ನೀರನ್ನು ರಕ್ತದಲ್ಲಿ ಹಿಡಿದಿಡುವುದು ಸೋಡಿಯಮ್ಮೇ. ಆದ್ದರಿಂದ ಸಪ್ಪೆ ಕಾಳು ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ, ಉಳಿದರ್ಧ ಉಪ್ಪಿನದು.

ಕಾಳು ಸಾರಾಗಿ ತಟ್ಟೆಗೆ ಬಂದಾಗ ಈ ಎರಡು ಅರ್ಧಗಳು ಕೂಡುತ್ತವೆ. ಬೆವರಿ ಬಳಲಿದವರಿಗೆ ಒಮ್ಮೆ ಊಟದೊಡನೆ ನೀರನ್ನೂ ಇನ್ನೊಮ್ಮೆ ಬರಿಯ ಕ್ರೀಡಾಪಾನೀಯವನ್ನೂ ಕೊಟ್ಟು ಹೋಲಿಸಿದ 1996ರ ಬ್ರಿಟಿಷ್ ಪ್ರಯೋಗವೊಂದರಲ್ಲಿ, ಊಟ ಮಾಡಿದಾಗ ಮೂತ್ರವಾಗಿ ಹೋದ ನೀರು ಕಡಿಮೆಯಿತ್ತು. ಊಟದಲ್ಲಿದ್ದ ಹೆಚ್ಚಿನ ಲವಣಗಳೇ ಅದಕ್ಕೆ ಕಾರಣವೆಂದು ವಿವರಿಸಲಾಯಿತು. ಅಲ್ಲಿ ಬಡಿಸಿದ್ದು ಬೇಳೆಯೂಟವಲ್ಲ. ಹಾಗಾಗಿ ಅದು ಕಾಳಿಗೆ ನೇರ ಸಾಕ್ಷಿಯಾಗದು, ತತ್ವಕ್ಕೆ ಮಾತ್ರ ಸಾಕ್ಷಿ. ಆದರೆ ಲವಣ, ನೀರು, ಪಿಷ್ಟ ಮೂರೂ ಒಟ್ಟಿಗಿರುವ ಊಟಕ್ಕೆ ಹುರುಳಿ ಸಾರು, ಬಸ್ಸಾರುಗಳಿಗಿಂತ ಸುಲಭದ ಉದಾಹರಣೆ ಕರ್ನಾಟಕದಲ್ಲಿ ಸಿಗದು. ಬೇಯುವಾಗ ಕಾಳಿನ ಪೊಟ್ಯಾಸಿಯಂ, ಮೆಗ್ನೀಸಿಯಂಗಳ ಒಂದು ಪಾಲು ನೀರಿಗಿಳಿಯುತ್ತದೆ. ಆ ಕಟ್ಟನ್ನು ಚೆಲ್ಲಿದರೆ ಲವಣವೂ ಹೋಯಿತು. ಬಸಿದ ಕಟ್ಟಿನಿಂದಲೇ ಸಾರು ಮಾಡುವ ಪದ್ಧತಿ ಅದನ್ನು ಉಳಿಸಿಕೊಳ್ಳುತ್ತದೆ.

ತಾಳಿಕೆಯ ವಿಚಾರದಲ್ಲಿ ಆಧಾರ ಗ್ಲೈಸೆಮಿಕ್ ಸೂಚ್ಯಂಕದಿಂದ ಬರುತ್ತದೆ. 1981ರಲ್ಲಿ ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ರೂಪಿಸಿದ ಈ ಅಳತೆಯಲ್ಲಿ ಕಾಳುಗಳು ಕೆಳಗಿನ ಸ್ಥಾನದಲ್ಲಿವೆ: ಅವುಗಳ ಪಿಷ್ಟ ನಿಧಾನವಾಗಿ ಕರಗಿ, ರಕ್ತದ ಸಕ್ಕರೆಯನ್ನು ಮೆಲ್ಲಗೆ ಏರಿಸುತ್ತದೆ. 1991ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದರಲ್ಲಿ, ಸವಾರಿಗೆ ಒಂದು ಗಂಟೆ ಮುಂಚೆ ಚನ್ನಂಗಿ ತಿಂದ ಸೈಕಲ್ ಪಟುಗಳು ಆಲೂಗಡ್ಡೆ ತಿಂದಾಗಿನದಕ್ಕಿಂತ ಸರಾಸರಿ 20 ನಿಮಿಷ ಹೆಚ್ಚು ತಾಳಿದರು. ಪಾಲ್ಗೊಂಡವರು ಎಂಟೇ ಮಂದಿ. 1998ರ ಮತ್ತೊಂದು ಅಧ್ಯಯನದಲ್ಲಿ, ಸವಾರಿಯ ನಡುವೆ ಸಕ್ಕರೆ ಪಾನೀಯ ಕುಡಿಯುತ್ತಿದ್ದಾಗ ಮುಂಚಿನ ಊಟದ ವ್ಯತ್ಯಾಸ ಅಳಿಸಿಹೋಯಿತು. ಎರಡನ್ನೂ ಕೂಡಿಸಿ ಓದಿದರೆ, ಓಡುತ್ತಲೇ ಏನನ್ನಾದರೂ ಸೇವಿಸುತ್ತಿರುವ ಮ್ಯಾರಥಾನ್ ಓಟಗಾರರಿಗಿಂತ, ಅಂಥ ಅವಕಾಶವಿಲ್ಲದೆ ದೀರ್ಘಕಾಲ ಅಭ್ಯಾಸ ಮಾಡುವವರಿಗೆ ಕಾಳಿನೂಟದ ಲಾಭ ಹೆಚ್ಚೆಂದು ತೋರುತ್ತದೆ.

ಪ್ರೋಟೀನ್ ಹೆಚ್ಚಾದಷ್ಟೂ ಯೂರಿಯ ಹೆಚ್ಚಿ, ಅದನ್ನು ಹೊರಹಾಕಲು ದೇಹದ ನೀರೇ ಖರ್ಚಾಗುತ್ತದೆಂಬ ಆಕ್ಷೇಪವಿದೆ. ಪ್ರಮಾಣವನ್ನು ನೋಡಿದರೆ ಇದರ ಬಿಗಿ ಸಡಿಲವಾಗುತ್ತದೆ. ಒಂದು ಬಟ್ಟಲಿನ 18 ಗ್ರಾಂ ಪ್ರೋಟೀನ್ ಪೂರ್ತಿ ವಿಭಜನೆಯಾದರೂ ಹುಟ್ಟುವ ಯೂರಿಯ 6 ಗ್ರಾಮಿನಷ್ಟು. ಅಗತ್ಯಬಿದ್ದಾಗ ಆರೋಗ್ಯವಂತ ಮೂತ್ರಪಿಂಡ ಅದನ್ನು ಸುಮಾರು 100 ಮಿಲಿಲೀಟರ್ ಗಟ್ಟಿ ಮೂತ್ರದಲ್ಲಿ ಸಾಗಹಾಕಬಲ್ಲದು. ಆ ಬಟ್ಟಲಿನಲ್ಲೇ ಅದಕ್ಕಿಂತ ಹೆಚ್ಚು ನೀರಿದೆ. ಹೊಟ್ಟೆಯುಬ್ಬರದ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ರ‍್ಯಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯನ ಸಣ್ಣಕರುಳಿನಲ್ಲಿಲ್ಲ. ದೊಡ್ಡಕರುಳಿನ ಸೂಕ್ಷ್ಮಜೀವಿಗಳು ಅವನ್ನು ಹುದುಗಿಸಿದಾಗ ವಾಯುವಾಗುತ್ತದೆ. ಕಾಳು ನೆನೆಸಿದ ನೀರನ್ನು ಚೆಲ್ಲುವುದರಿಂದ, ಮೊಳಕೆ ಕಟ್ಟುವುದರಿಂದ ಇವು ತಗ್ಗುತ್ತವೆ. ಪ್ರಮಾಣವನ್ನು ವಾರಗಟ್ಟಲೆ ಮೆಲ್ಲಗೆ ಏರಿಸಿದರೆ ಕರುಳೂ ಒಗ್ಗಿಕೊಳ್ಳುತ್ತದೆ. ನಾರು ಹೆಚ್ಚಿದಂತೆ ಕುಡಿಯುವ ನೀರೂ ಹೆಚ್ಚಬೇಕು.

ಪ್ರೋಟೀನಿನ ಪ್ರಮಾಣ, ಗುಣಮಟ್ಟಗಳ ಪ್ರಶ್ನೆಯೂ ಇದೆ. ಪಟುವಿಗೆ ದಿನಕ್ಕೆ ದೇಹತೂಕದ ಕಿಲೋಗೆ 1.2ರಿಂದ 2 ಗ್ರಾಂ ಪ್ರೋಟೀನ್ ಬೇಕೆಂಬುದು ಸಾಮಾನ್ಯ ಶಿಫಾರಸು. 60 ಕಿಲೋ ತೂಕದವರಿಗೆ 72ರಿಂದ 120 ಗ್ರಾಂ. ನೂರು ಗ್ರಾಂ ಒಣಬೇಳೆಯಿಂದ ಸಿಗುವುದು 22 ಗ್ರಾಂ ಮಾತ್ರ. ಆದ್ದರಿಂದ ಹಾಲು, ಮೊಸರು, ಮೊಟ್ಟೆ, ಸೋಯಾಗಳ ಪಾತ್ರ ಉಳಿದೇ ಇರುತ್ತದೆ. ಅಮೈನೋ ಆಮ್ಲಗಳ ಪೈಕಿ ಕಾಳಿನಲ್ಲಿ ಲೈಸೀನ್ ಸಮೃದ್ಧ, ಮೆಥಿಯೋನೀನ್ ಕಡಿಮೆ. ಅಕ್ಕಿ, ರಾಗಿಗಳಲ್ಲಿ ಇದರ ತಿರುಗುಮುರುಗು. ಮುದ್ದೆ ಸಾರಿನ ಜೋಡಿ ಈ ಕೊರತೆಯನ್ನು ತುಂಬುತ್ತದೆ. ಕಾಳಿನ ಕಬ್ಬಿಣವನ್ನು ಅದರಲ್ಲೇ ಇರುವ ಫೈಟೇಟ್ ಎಂಬ ವಸ್ತು ಹಿಡಿದಿಡುವುದರಿಂದ, ಕೊರತೆಯ ಅಪಾಯ ಹೆಚ್ಚಿರುವ ಓಟಗಾರ್ತಿಯರು ಅದರೊಡನೆ ನಿಂಬೆರಸದಂಥ ಸಿ ಜೀವಸತ್ವವಿರುವ ಆಹಾರ ಸೇವಿಸುವುದು ಮೇಲು.

ಒಟ್ಟಾರೆ, ಕಾಳಿಗೆ ಹೊತ್ತೇ ಮುಖ್ಯ. ಅಭ್ಯಾಸದ ದಿನಗಳ ಊಟಕ್ಕೂ ಶ್ರಮದ ನಂತರದ ಊಟಕ್ಕೂ ಅದು ಹೊಂದುತ್ತದೆ. ಕಳೆದ ಪ್ರತಿ ಕಿಲೋ ತೂಕಕ್ಕೆ 1.25ರಿಂದ 1.5 ಲೀಟರ್ ನೀರು ಕುಡಿಯುವಾಗ ಉಪ್ಪಿರುವ ಸಾರು ಒಳ್ಳೆಯ ಸಂಗಾತಿ. ಸ್ಪರ್ಧೆಗೆ ಮುಂಚಿನ ಕೆಲವು ಗಂಟೆಗಳಲ್ಲಿ, ರೂಢಿಯಿಲ್ಲದವರು ಕಾಳನ್ನು ಬಿಡುವುದೇ ಸರಿ. ಬಿಳಿ ಅನ್ನ, ಕರಿದ ತಿಂಡಿಗಳೇ ತಟ್ಟೆಯನ್ನು ತುಂಬುವಲ್ಲಿ ಕಾಳು ತರುವ ಬದಲಾವಣೆ ದೊಡ್ಡದು. ಮೊದಲೇ ಸಮತೋಲದ ಊಟ ಮಾಡುವವರಿಗೆ ಸಿಗುವ ಹೆಚ್ಚಳ ಸಣ್ಣದು.