ಕ್ರೈಸ್ತ ವಿಶ್ವಾಸವೂ ಧರ್ಮಾಧರ್ಮ ವಿವೇಚನೆಯೂ

ದೇವಾಲಯವೊಂದು ನೂರು ಸಂವತ್ಸರಗಳನ್ನು ಪೂರೈಸಿದಾಗ ಅದನ್ನು ಕಟ್ಟಿದವರನ್ನೂ ಪೋಷಿಸಿದವರನ್ನೂ ಕೃತಜ್ಞತೆಯಿಂದ ಸ್ಮರಿಸುವುದು ನಮ್ಮೆಲ್ಲರ ಕರ್ತವ್ಯ. ಆದರೆ ಕಲ್ಲುಗಾರೆಗಳ ಲೆಕ್ಕದೊಂದಿಗೆ ಇನ್ನೊಂದು ಲೆಕ್ಕವನ್ನೂ ಒಪ್ಪಿಸಬೇಕಾದ ಹೊಣೆ ನಮ್ಮ ಮೇಲಿದೆ. ಈ ಬಲಿಪೀಠದ ಮುಂದೆ ನಾವು ಪ್ರಕಟಿಸುತ್ತ ಬಂದ ವಿಶ್ವಾಸವು ನಮ್ಮ ಬಾಳಿನಲ್ಲಿ ಒಳಿತು ಕೆಡಕುಗಳನ್ನು ಅಳೆಯುವ ಮಾನದಂಡವಾಗಿದೆಯೇ ಎಂಬುದೇ ಆ ಲೆಕ್ಕ.

ದೇವರನ್ನು ನಂಬದವರಲ್ಲಿಯೂ ಸಜ್ಜನರಿಲ್ಲವೇ, ನಂಬಿದವರಲ್ಲಿಯೂ ಅನ್ಯಾಯಗಾರರಿಲ್ಲವೇ, ಹಾಗಿರುವಾಗ ನೀತಿಗೆ ವಿಶ್ವಾಸದ ಆಧಾರವೇಕೆ ಎಂದು ಇಂದಿನ ವಿದ್ಯಾವಂತ ಯುವಕರು ಕೇಳುತ್ತಾರೆ. ಈ ಪ್ರಶ್ನೆಗೆ ನಾವು ಅಂಜಬೇಕಾಗಿಲ್ಲ. ಧರ್ಮಶಾಸ್ತ್ರವನ್ನರಿಯದ ಜನಾಂಗಗಳ ಹೃದಯದಲ್ಲಿಯೂ ದೈವನಿಯಮವು ಲಿಖಿತವಾಗಿದೆಯೆಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಬೋಧಿಸಿದ್ದಾರೆ. ಹದಿಮೂರನೆಯ ಶತಮಾನದ ಸಂತ ತೋಮಾಸ್ ಅಕ್ವಿನಾಸರು ಇದನ್ನೇ ಸಹಜ ಧರ್ಮವೆಂದು ಕರೆದು, ಮಾನವನ ವಿವೇಕವೇ ಅದನ್ನು ಗ್ರಹಿಸಬಲ್ಲದೆಂದು ವಿವರಿಸಿದರು. ಆದುದರಿಂದ ಸದ್ಗುಣವು ಕ್ರೈಸ್ತರ ಸ್ವಂತ ಆಸ್ತಿಯೆಂದು ಧರ್ಮಸಭೆ ಎಂದೂ ಸಾಧಿಸಿಲ್ಲ. ಹಾಗಾದರೆ ವಿಶ್ವಾಸವು ನೀತಿಗೆ ಕೊಡುವುದೇನು? ಚರಿತ್ರೆಯ ಒಂದು ಪ್ರಕರಣದಿಂದ ಇದನ್ನು ಪರಿಶೀಲಿಸೋಣ.

1492ರಲ್ಲಿ ಕೊಲಂಬಸನು ಅಟ್ಲಾಂಟಿಕ್ ಸಾಗರವನ್ನು ದಾಟಿದ ಬಳಿಕ ಹಿಸ್ಪನಿಯೋಲಾ ದ್ವೀಪದಲ್ಲಿ ಸ್ಪೇನ್ ದೇಶದವರು ನೆಲೆಯೂರಿದರು. ಇಂದು ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯಗಳಿರುವುದು ಆ ದ್ವೀಪದಲ್ಲಿಯೇ. ಅಲ್ಲಿ 'ಎನ್ಕೊಮಿಯೆಂದಾ' ಎಂಬ ಪದ್ಧತಿ ಜಾರಿಗೆ ಬಂತು. ರಾಜಾಜ್ಞೆಯ ಪ್ರಕಾರ ಒಬ್ಬೊಬ್ಬ ಸ್ಪೇನಿನವನಿಗೆ ಇಷ್ಟು ಮಂದಿ ಮೂಲನಿವಾಸಿಗಳೆಂದು ವಹಿಸಿಕೊಡಲಾಗುತ್ತಿತ್ತು. ಅವರನ್ನು ರಕ್ಷಿಸಿ ವಿಶ್ವಾಸವನ್ನು ಬೋಧಿಸುವುದು ಒಡೆಯನ ಕರ್ತವ್ಯ. ಪ್ರತಿಯಾಗಿ ದುಡಿಯುವುದು ಅವರ ಪಾಲು. ಕಾಗದದ ಮೇಲೆ ಇದು ಧರ್ಮಕಾರ್ಯ, ಚಿನ್ನದ ಗಣಿಗಳಲ್ಲಿ ಮಾತ್ರ ಜೀತ. ದುಡಿಮೆ, ಹಸಿವು ಮತ್ತು ಹೊಸ ರೋಗಗಳಿಂದ ಕೆಲವೇ ದಶಕಗಳಲ್ಲಿ ಆ ಜನಾಂಗ ಬಹುಮಟ್ಟಿಗೆ ನಾಶವಾಯಿತು. ಕಾನೂನು, ರಾಜಮುದ್ರೆ, ರೂಢಿ, ಲಾಭ ಎಲ್ಲವೂ ಒಡೆಯರ ಪರವಾಗಿದ್ದವು. ಆ ಒಡೆಯರು ತಪ್ಪದೆ ಪೂಜೆಗೆ ಬರುವ ಕ್ರೈಸ್ತರೇ ಆಗಿದ್ದರು.

1511ನೆಯ ಇಸವಿಯ ಡಿಸೆಂಬರ್ 21, ಆಗಮನ ಕಾಲದ ನಾಲ್ಕನೆಯ ಭಾನುವಾರ. ಸಾಂತೊ ದೊಮಿಂಗೊ ಪಟ್ಟಣದಲ್ಲಿ ಸಂತ ದೊಮಿನಿಕರ ಸಭೆಯ ಅಂತೋನಿಯೊ ದೆ ಮೊಂತೆಸಿನೋಸ್ ಎಂಬ ಗುರುಗಳು ಪ್ರಬೋಧನೆ ಮಾಡಿದರು. ಕೊಲಂಬಸನ ಮಗನೂ ದ್ವೀಪದ ಅಧಿಪತಿಯೂ ಆಗಿದ್ದ ದಿಯೇಗೊ ಸಭಿಕರಲ್ಲಿದ್ದನು. ಈ ಜನರು ಮನುಷ್ಯರಲ್ಲವೇ, ಇವರಿಗೂ ಆತ್ಮವಿಲ್ಲವೇ, ಯಾವ ಹಕ್ಕಿನಿಂದ ಇವರನ್ನು ದಾಸ್ಯದಲ್ಲಿಟ್ಟಿದ್ದೀರಿ ಎಂದು ಗುರುಗಳು ಕೇಳಿದರು. ಈ ಸ್ಥಿತಿಯಲ್ಲಿ ನಿಮಗೆ ಆತ್ಮರಕ್ಷಣೆಯಿಲ್ಲವೆಂದೂ ಸಾರಿದರು. ಕುಪಿತರಾದ ಒಡೆಯರು ಮಠಕ್ಕೆ ನುಗ್ಗಿ, ಮುಂದಿನ ಭಾನುವಾರ ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ಒತ್ತಾಯಿಸಿದರು. ಮುಂದಿನ ಭಾನುವಾರ ಮೊಂತೆಸಿನೋಸರು ಅದೇ ಬೋಧನೆಯನ್ನು ಇನ್ನಷ್ಟು ದೃಢವಾಗಿ ಪುನರುಚ್ಚರಿಸಿದರು. ಅದು ಒಬ್ಬರ ಆವೇಶದ ಮಾತಾಗಿರಲಿಲ್ಲ. ಮಠದ ಸಹೋದರರೆಲ್ಲ ಕೂಡಿ ಆಲೋಚಿಸಿ ಒಪ್ಪಿದ ಬೋಧನೆಯಾಗಿತ್ತು.

ಆ ಕಾಲದಲ್ಲಿ ಬಾರ್ತೊಲೊಮೆ ದೆ ಲಾಸ್ ಕಸಾಸ್ ಎಂಬ ಯಾಜಕರೂ ಮೂಲನಿವಾಸಿಗಳನ್ನು ದುಡಿಸಿಕೊಳ್ಳುವ ಒಡೆಯರಾಗಿದ್ದರು. ಇದೇ ಕಾರಣದಿಂದ ದೊಮಿನಿಕನ್ ಗುರುವೊಬ್ಬರು ಅವರಿಗೆ ಪಾಪಕ್ಷಮೆಯನ್ನು ನಿರಾಕರಿಸಿದ್ದರು. ಆಗ ಅವರು ವಾದಿಸಿದರೇ ಹೊರತು ಬದಲಾಗಲಿಲ್ಲ. 1514ರಲ್ಲಿ ಕ್ಯೂಬಾ ದ್ವೀಪದಲ್ಲಿ ಹಬ್ಬದ ಪ್ರಬೋಧನೆಗೆ ಸಿದ್ಧತೆ ಮಾಡುತ್ತಿದ್ದಾಗ ಸಿರಾಖನ ಗ್ರಂಥದ ಮೂವತ್ತನಾಲ್ಕನೆಯ ಅಧ್ಯಾಯವು ಅವರ ಕಣ್ಣಿಗೆ ಬಿತ್ತು. ಬಡವರಿಂದ ಕಿತ್ತುಕೊಂಡುದನ್ನು ದೇವರಿಗೆ ಬಲಿಯಾಗಿ ಅರ್ಪಿಸುವುದು ತಂದೆಯ ಕಣ್ಣೆದುರಿಗೆ ಮಗನನ್ನು ಕೊಂದಂತೆ, ಕೂಲಿಯನ್ನು ತಡೆಯುವುದು ರಕ್ತಪಾತ ಎಂಬುದು ಅಲ್ಲಿಯ ಬೋಧನೆ. ಅವರು ತಮಗೆ ವಹಿಸಲಾಗಿದ್ದ ಜನರನ್ನು ಬಿಟ್ಟುಕೊಟ್ಟರು. ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದಲ್ಲಿ, ಅದನ್ನು ಬಹಿರಂಗವಾಗಿ ಸಾರಿದರು. ಮುಂದೆ ದೊಮಿನಿಕರ ಸಭೆಯನ್ನೇ ಸೇರಿ ಐವತ್ತು ವರ್ಷಗಳ ಕಾಲ ಆ ಜನರ ಪರವಾಗಿ ಹೋರಾಡಿದರು. ಚಿಯಾಪಾಸ್ ಪ್ರಾಂತದ ಧರ್ಮಾಧ್ಯಕ್ಷರಾಗಿ 1545ರಲ್ಲಿ ಅಲ್ಲಿಗೆ ಬಂದಾಗ, ದಾಸರನ್ನು ಬಿಡುಗಡೆ ಮಾಡದವರಿಗೆ ಪಾಪಕ್ಷಮೆಯಿಲ್ಲವೆಂದು ಆಜ್ಞಾಪಿಸಿದರು. ಒಮ್ಮೆ ತಮಗೆ ನಿರಾಕರಿಸಲ್ಪಟ್ಟ ಕ್ಷಮೆಯ ಅರ್ಥ ಅವರಿಗೆ ಚೆನ್ನಾಗಿ ತಿಳಿದಿತ್ತು.

ಜಗದ್ಗುರು ಮೂರನೆಯ ಪೌಲರು 1537ರಲ್ಲಿ ಹೊರಡಿಸಿದ 'ಸುಬ್ಲೀಮಿಸ್ ದೇಯುಸ್' ಎಂಬ ಶಾಸನದಲ್ಲಿ, ಆ ಜನರು ನಿಜವಾದ ಮನುಷ್ಯರೆಂದೂ, ಕ್ರೈಸ್ತರಾಗದಿದ್ದರೂ ಅವರ ಸ್ವಾತಂತ್ರ್ಯವನ್ನಾಗಲಿ ಆಸ್ತಿಯನ್ನಾಗಲಿ ಅಪಹರಿಸಕೂಡದೆಂದೂ ಘೋಷಿಸಿದರು. 1550 ಮತ್ತು 1551ರಲ್ಲಿ ವಯ್ಯಾದೊಲಿದ್ ನಗರದಲ್ಲಿ ಚಕ್ರವರ್ತಿಯು ನೇಮಿಸಿದ ವಿದ್ವಾಂಸರ ಮುಂದೆ ಲಾಸ್ ಕಸಾಸರಿಗೂ ಸೆಪುಲ್ವೆದಾ ಎಂಬ ಪಂಡಿತನಿಗೂ ವಾದ ನಡೆಯಿತು. ಕೆಲವರು ಸ್ವಭಾವತಃ ದಾಸರೆಂಬ ಅರಿಸ್ಟಾಟಲನ ಮತವನ್ನು ಸೆಪುಲ್ವೆದಾ ಆಧಾರವಾಗಿ ಹಿಡಿದನು. ಲಾಸ್ ಕಸಾಸರಾದರೋ ಮನುಕುಲವೆಲ್ಲ ಒಂದೇ, ಎಲ್ಲರೂ ದೇವರ ಪ್ರತಿರೂಪವುಳ್ಳವರು, ಎಲ್ಲರಿಗಾಗಿ ಕ್ರಿಸ್ತರು ರಕ್ತ ಸುರಿಸಿದರು ಎಂಬ ತತ್ವದ ಮೇಲೆ ನಿಂತರು. ವಿದ್ವಾಂಸರು ಸ್ಪಷ್ಟವಾದ ತೀರ್ಪನ್ನು ಕೊಡಲಿಲ್ಲ. ಎನ್ಕೊಮಿಯೆಂದಾ ಪದ್ಧತಿಯೂ ಬೇಗ ತೊಲಗಲಿಲ್ಲ. ಲಾಸ್ ಕಸಾಸರು 1566ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ದೈವಾಧೀನರಾದರು.

ಇಲ್ಲಿ ಸತ್ಯವನ್ನು ಮರೆಮಾಚುವುದು ನಮಗೆ ತರವಲ್ಲ. ಅದೇ ಲಾಸ್ ಕಸಾಸರು ಮೊದಮೊದಲು, ಮೂಲನಿವಾಸಿಗಳ ಬದಲಿಗೆ ಆಫ್ರಿಕದಿಂದ ದಾಸರನ್ನು ತರಿಸಬಹುದೆಂದು ಸಲಹೆ ನೀಡಿದ್ದರು. ಅನಂತರ ಅದು ಅಷ್ಟೇ ಘೋರವಾದ ಅನ್ಯಾಯವೆಂದರಿತು, ತಮ್ಮ ಚರಿತ್ರೆಯ ಗ್ರಂಥದಲ್ಲಿ ಪಶ್ಚಾತ್ತಾಪವನ್ನು ದಾಖಲಿಸಿದರು. 1452ರಲ್ಲಿ ಜಗದ್ಗುರು ಐದನೆಯ ನಿಕೋಲಾಸರೇ ಪೋರ್ಚುಗಲ್ಲಿನ ರಾಜನಿಗೆ ಅಕ್ರೈಸ್ತರನ್ನು ದಾಸ್ಯಕ್ಕೊಳಪಡಿಸುವ ಅನುಮತಿ ಕೊಟ್ಟಿದ್ದರು. ದಾಸವ್ಯಾಪಾರವನ್ನು ಜಗದ್ಗುರು ಹದಿನಾರನೆಯ ಗ್ರೆಗೊರಿಯವರು ಕಟುವಾಗಿ ಖಂಡಿಸಿದ್ದು 1839ರಲ್ಲಿ. ಅಂಥ ಹಳೆಯ ಶಾಸನಗಳ ಆಧಾರದಿಂದ ಬೆಳೆದ 'ಅನ್ವೇಷಣೆಯ ಹಕ್ಕಿನ' ಸಿದ್ಧಾಂತವನ್ನು ವ್ಯಾಟಿಕನ್ ಬಹಿರಂಗವಾಗಿ ತಿರಸ್ಕರಿಸಿದ್ದು 2023ರ ಮಾರ್ಚ್ ತಿಂಗಳಲ್ಲಿ. ಇದು ದೀರ್ಘವಾದ ವಿಳಂಬ. ಆ ವಿಳಂಬಕ್ಕೆ ಬೆಲೆ ತೆತ್ತವರು ನಿರಪರಾಧಿಗಳು.

ಈ ಚರಿತ್ರೆಯಿಂದ ನಮ್ಮ ಪ್ರಶ್ನೆಗೆ ದೊರೆಯುವ ಉತ್ತರವೇನು? ವಿಶ್ವಾಸವು ವಿಶ್ವಾಸಿಯನ್ನು ತಾನಾಗಿಯೇ ನಿರ್ದೋಷಿಯನ್ನಾಗಿ ಮಾಡುವುದಿಲ್ಲ. ಗಣಿಯ ಒಡೆಯನೂ ಮೊಂತೆಸಿನೋಸರೂ ಒಂದೇ ಬಲಿಪೀಠದಿಂದ ಪ್ರಸಾದ ಸ್ವೀಕರಿಸಿದವರು. ಆದರೆ ರಾಜನೂ ರೂಢಿಯೂ ಲಾಭವೂ ಒಂದಾಗಿ ಅನ್ಯಾಯವನ್ನು ನ್ಯಾಯವೆಂದು ಕರೆದಾಗ, ಆ ಮೂರಕ್ಕಿಂತ ಮೇಲಾದ ನ್ಯಾಯಪೀಠವೊಂದಿದೆಯೆಂದು ವಿಶ್ವಾಸವು ಸಾರುತ್ತದೆ. ಮನುಷ್ಯನ ಬೆಲೆಯನ್ನು ನಿಶ್ಚಯಿಸಿದವರು ದೇವರಾದುದರಿಂದ ಯಾವ ರಾಜನೂ ಯಾವ ಬಹುಮತವೂ ಅದನ್ನು ಇಳಿಸಲಾರದು. ವಿವೇಕವು ಮಂದವಾಗಿ ಕಾಣುವ ಈ ಸತ್ಯವನ್ನು ಕ್ರಿಸ್ತರ ಶಿಲುಬೆ ಬೆಳಕಿಗೆ ತರುತ್ತದೆ. ಮೇಲಾಗಿ, ಆ ನ್ಯಾಯಪೀಠವು ಮೊದಲು ವಿಚಾರಣೆಗೆ ಕರೆಯುವುದು ನಮ್ಮನ್ನೇ. ತಪ್ಪಿದ ಕ್ರೈಸ್ತನನ್ನು ಖಂಡಿಸಲು ಹೊರಗಿನ ಅಳತೆಗೋಲು ಬೇಕಾಗಲಿಲ್ಲ. ಅವನ ಕೈಯಲ್ಲಿದ್ದ ಗ್ರಂಥವೇ ಸಾಕಾಯಿತು.

ಪ್ರಿಯ ವಿಶ್ವಾಸಿಗಳೇ, ನಮ್ಮ ನಡುವೆ ಚಿನ್ನದ ಗಣಿಗಳಿಲ್ಲದಿರಬಹುದು. ಆದರೆ ತೋಟದ ಆಳಿಗೆ ವಾರದ ಕೂಲಿಯನ್ನು ಮುಂದೂಡುವ ರೂಢಿ, ಮನೆಗೆಲಸದ ಹೆಣ್ಣುಮಗಳನ್ನು ಹೆಸರಿಡಿದು ಕರೆಯದ ರೂಢಿ, ಮದುವೆಯ ಮಾತುಕತೆಯಲ್ಲಿ ವರದಕ್ಷಿಣೆ ಕೇಳುವ ರೂಢಿ ನಮ್ಮಲ್ಲಿಲ್ಲವೆಂದು ಹೇಳುವ ಧೈರ್ಯ ನಮಗಿದೆಯೇ? ಜ್ಞಾನಸ್ನಾನ ಪಡೆದ ಬಳಿಕವೂ ಜಾತಿಯನ್ನು ವಿಚಾರಿಸುವುದು ನಿಂತಿದೆಯೇ? ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರಲ್ಲಿ ದಲಿತ ಕ್ರೈಸ್ತರನ್ನು ಕುರಿತು ನೀತಿಯೊಂದನ್ನು ಪ್ರಕಟಿಸಿ, ಜಾತಿಭೇದವು ಪಾಪವೆಂದು ಸ್ಪಷ್ಟಪಡಿಸಬೇಕಾಯಿತು. ಎಲ್ಲರೂ ಮಾಡುತ್ತಾರೆ, ಹಿಂದಿನಿಂದ ನಡೆದುಬಂದಿದೆ ಎಂಬ ಸಮಾಧಾನವನ್ನು ಸಾಂತೊ ದೊಮಿಂಗೊ ಪಟ್ಟಣದ ಒಡೆಯರೂ ಹೇಳಿಕೊಂಡಿದ್ದರು.

ಶತಮಾನೋತ್ಸವದ ಪೂಜೆಗೆ ಕಾಣಿಕೆ ತರುವ ಮುನ್ನ ನಾವು ಪ್ರತಿಯೊಬ್ಬರೂ ಸಿರಾಖನ ಗ್ರಂಥದ ಆ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಓದೋಣ. ಯಾರಿಗಾದರೂ ಸಲ್ಲಬೇಕಾದುದು ನಮ್ಮ ಕೈಯಲ್ಲಿ ಉಳಿದಿದ್ದರೆ ಮೊದಲು ಅದನ್ನು ಹಿಂದಿರುಗಿಸಿ, ಅನಂತರ ಕಾಣಿಕೆಯೊಂದಿಗೆ ಬರೋಣ. ನಮ್ಮ ಹಿರಿಯರು ಕಟ್ಟಿದ ಈ ಆಲಯಕ್ಕೆ ನಾವು ಸಲ್ಲಿಸಬಹುದಾದ ಯೋಗ್ಯ ಗೌರವ ಅದೇ. ಕರುಣಾಮಯಿಯಾದ ದೇವರು ನಮ್ಮ ಅಂತಃಸಾಕ್ಷಿಯನ್ನು ಬೆಳಗಿಸಲಿ.